ಬಲಗಡೆಯ ಜಾಗ

ಅಗಸೆ ಎಣ್ಣೆಯ ಬಾಟಲಿಯ ಮುಚ್ಚಳ ತೆರೆದರೆ ಇಂದಿಗೂ ನನಗೆ ಮೋಟೆಬೆನ್ನೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವನ ತಂಗಿ, ನನ್ನ ಚಿಗವ್ವ, ಪ್ರತಿ ರವಿವಾರ ಪಡಸಾಲೆಯಲ್ಲಿ ಕುಳಿತು ಓಣಿಯ ದನಗಳನ್ನು ಅಗಸೆ ಎಣ್ಣೆ ಬೆರೆಸಿದ ಬಣ್ಣದಲ್ಲಿ ಬರೆಯುತ್ತಿದ್ದಳು. ಆಗ ಅವಳು ಬರೆಯುತ್ತಿದ್ದದ್ದು ಪಕ್ಕದ ಮನೆಯ ಬಸಣ್ಣ ಕಾಕಾನ ಜೋಡೆತ್ತುಗಳನ್ನು. ಚಿತ್ರ ಮುಗಿಯುವ ಮೊದಲೇ ಆ ಜೋಡಿಯ ಕೆಂಪನೆಯ ಎತ್ತು ಸತ್ತಿತು. ಕಾಕಾ ಅದನ್ನು ಹೊಲದಲ್ಲಿ ಹೂಳಿ ನೇರ ನಮ್ಮಲ್ಲಿಗೆ ಬಂದ. ಅವನ ಉಗುರುಗಳಲ್ಲಿ ಇನ್ನೂ ಎರೆಮಣ್ಣಿತ್ತು. ಬಹಳ ಹೊತ್ತು ಚಿತ್ರವನ್ನೇ ನೋಡಿದ.

“ಮಾರಿ ಖರೇನ ಹಂಗ ಬಂದೈತಿ, ತಂಗೆವ್ವಾ. ಆದ್ರ ಕೆಂಪಂದನ್ನ ಎಡಕ್ಕ ನಿಲ್ಸೀಯಲ್ಲ. ಅದು ಎಂಟು ವರ್ಷ ಬಲಕ್ಕ ದುಡದೈತಿ.”

ಚಿಗವ್ವ ಚಾಕು ತೆಗೆದುಕೊಂಡು ಹಸಿ ಬಣ್ಣವನ್ನೆಲ್ಲ ಕೆರೆದುಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ, “ಬಾ, ಉಳದದ್ದನ್ನ ನೋಡಿ ಬರೂಣು” ಎಂದಳು.

ಕಾಕಾನ ಕೊಟ್ಟಿಗೆಯಲ್ಲಿ ಬಿಳಿ ಎತ್ತನ್ನು ಅಂದು ಯಾರೂ ಕಟ್ಟಿರಲಿಲ್ಲ. ಆದರೂ ಅದು ಗೋದಲಿಯ ಎಡಕ್ಕೇ ಒತ್ತಿಕೊಂಡು ನಿಂತಿತ್ತು. ತನ್ನ ಪಾಲಿನ ಮೇವು ತಿಂದು ಮುಗಿಸಿತ್ತು. ಬಲಗಡೆ ಕೆಂಪನೆಯದರ ಪಾಲಿಗೆ ಎಂದಿನಂತೆ ಹಾಕಿದ್ದ ಮೇವಿಗೆ ಬಾಯಿ ಹಾಕಿರಲಿಲ್ಲ.

ಮುಂದಿನ ರವಿವಾರ ಚಿಗವ್ವ ಎಡಕ್ಕೆ ಬಿಳಿ ಎತ್ತನ್ನು ಬರೆದಳು. ಬಲಕ್ಕೆ ಆ ಮೇವನ್ನಷ್ಟೇ ಬರೆದಳು.