ತೂಕ ನೋಡುವ ದಿನ

ಬಚ್ಚಲಿನಲ್ಲಿ ನೀರಿನ ಸದ್ದು ಶುರುವಾದದ್ದೇ ತಡ, ತಾಯಿ ಮಗಳ ಚೀಲವನ್ನು ಹಾಸಿಗೆಯ ಮೇಲೆ ಸುರಿದಳು. ಬಾಚಣಿಗೆ, ಕರವಸ್ತ್ರ, ಪೆನ್ನು. ಕಲ್ಲಿಲ್ಲ, ಕಬ್ಬಿಣವಿಲ್ಲ. ಶೂಗಳೊಳಗೆ ಕೈ ಹಾಕಿ ತಡಕಿದಳು. ಅಲ್ಲೂ ಏನಿಲ್ಲ.

ಹಾಗಾದರೆ ಈ ಹುಡುಗಿ ಮೋಸ ಮಾಡುತ್ತಿರುವುದಾದರೂ ಹೇಗೆ?

ವಾರ ವಾರವೂ ಕ್ಲಿನಿಕ್ಕಿನ ಯಂತ್ರ ತೂಕ ಏರಿದೆ ಎನ್ನುತ್ತಿತ್ತು. ಹೆತ್ತ ಕಣ್ಣು ಬೇರೆಯೇ ಹೇಳುತ್ತಿತ್ತು. ಮಗಳ ಕೈಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು. ತಟ್ಟೆಯಲ್ಲಿದ್ದುದನ್ನು ಆ ಕಡೆಯಿಂದ ಈ ಕಡೆಗೆ ತಳ್ಳುವುದೇ ಅವಳ ಊಟ.

"ಇದು ಹಠ ಅಲ್ಲಮ್ಮ, ಕಾಯಿಲೆ," ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. "ಗೆಳತಿ ದಪ್ಪ ಅಂದಿದ್ದು ಬರೀ ಕಿಡಿ. ಭಯ ಒಳಗೆ ಮೊದ್ಲಿಂದ್ಲೂ ಇತ್ತು. ಕನ್ನಡೀಲಿ ಅವಳಿಗೆ ಕಾಣೋ ಹುಡುಗೀನೇ ಬೇರೆ. ಊಟಾನೇ ಔಷಧಿ. ಬೈಬೇಡಿ, ಜೊತೇಲಿ ಕೂತು ತಿನ್ನಿಸಿ. ತೂಕ ಇನ್ನೂ ಇಳಿದ್ರೆ ಮಾತ್ರ ವಾರ್ಡಿಗೆ ಸೇರಿಸ್ಲೇಬೇಕು. ಹೃದಯ ತಡ್ಕೊಳ್ಳಲ್ಲ."

ಹುಡುಗಿ ತಂದೆಯ ಅಂಗಿ ಹಿಡಿದುಕೊಂಡಿದ್ದಳು. "ಅಪ್ಪಾ, ನನ್ನನ್ನ ಇಲ್ಲಿ ಬಿಟ್ಟು ಹೋಗ್ಬೇಡ."

"ಇಲ್ಲ ಪುಟ್ಟಿ, ಬಿಡಲ್ಲ." ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು.

ಮೈ ತೋರಿಸಲು ಒಲ್ಲದ ಮಗಳು ಆಸ್ಪತ್ರೆಯ ನಿಲುವಂಗಿ ತೊಡಲು ಸುತರಾಂ ಒಪ್ಪಲಿಲ್ಲ. ಸರಿ, ತೂಕಕ್ಕೆ ಬರುವಾಗಲೆಲ್ಲ ಒಂದೇ ಬಟ್ಟೆ ಹಾಕಿಕೊಂಡು ಬಾ ಎಂದಾಯಿತು. ಆರಿಸಿದ್ದು ನೀಲಿ ಬಣ್ಣದ ಉದ್ದ ಸ್ಕರ್ಟು, ತಂದೆಯೇ ಹೊಲಿದದ್ದು. ದೊಡ್ಡ ದೊಡ್ಡ ಹೋಟೆಲುಗಳಿಗೆ ಪರದೆ ಹೊಲಿದುಕೊಡುವ ಅಂಗಡಿ ಅವನದು. ತೂಕದ ದಿನ ಬೆಳಿಗ್ಗೆ ಅವನೇ ಸ್ಕರ್ಟನ್ನು ಇಸ್ತ್ರಿ ಮಾಡಿ ತಂದಿಡುತ್ತಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟಿದವನಲ್ಲ. ಪಾಪ, ಕರುಳು ಎಂದುಕೊಂಡಿದ್ದಳು ತಾಯಿ. ಸ್ಕರ್ಟು ಅವನ ಪರದೆಗಳ ಹಾಗೇ ಒಂದು ಸುಕ್ಕಿಲ್ಲದೆ ನೆಟ್ಟಗೆ ಇಳಿಬೀಳುತ್ತಿತ್ತು.

"ಇವಳು ಏನೋ ಆಟ ಹೂಡಿದಾಳೆ ಕಣ್ರೀ," ಎಂದಳು ತಾಯಿ, ಚೀಲಕ್ಕೆ ಸಾಮಾನು ತುಂಬುತ್ತ.

"ಅವಳ ಮೇಲೆ ಯಾಕೆ ಅನುಮಾನ? ಏರಿದೆ ಅಂದ್ರೆ ಏರಿದೆ. ಇನ್ನು ಸ್ವಲ್ಪ ದಿನ ಬಿಡು, ತಿಂತಾಳೆ." ಅವನು ಹೆಂಡತಿಯ ಮುಖ ನೋಡಲಿಲ್ಲ.

ಕ್ಲಿನಿಕ್ಕಿನಲ್ಲಿ ನರ್ಸ್ ಚಪ್ಪಾಳೆ ತಟ್ಟಿದಳು. "ಭೇಷ್! ಈ ವಾರಾನೂ ಏರಿದೆ!"

ಮಗಳ ಮುಖ ಬಿಳಿಚಿಕೊಂಡಿತು. ಕಳ್ಳಿಗೆ ಸಿಕ್ಕಿಬೀಳುವ ಅಳುಕು ಎಂದುಕೊಂಡಳು ತಾಯಿ. ಮನೆಗೆ ಬಂದ ಮೇಲೆ ಹುಡುಗಿ ತಟ್ಟೆಯನ್ನು ಮುಟ್ಟಲೇ ಇಲ್ಲ. ತಾಯಿ ಗದರಿದಳು, ಮುದ್ದು ಮಾಡಿದಳು, ಕೊನೆಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತಳು.

ಮುಂದಿನ ವಾರ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ಮಗಳು ಕಂಬಿ ಹಿಡಿದು ನಿಂತಳು. "ಆಗ್ತಿಲ್ಲಮ್ಮಾ. ಮೈಯೆಲ್ಲ ಭಾರ."

"ನಾಟಕ ಸಾಕು, ಹತ್ತು."

ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಹುಡುಗಿ ಕುಸಿದಳು.

ಒಳಗೆ ಮಲಗಿಸಿ ಡ್ರಿಪ್ ಹಾಕಿದರು. ನರ್ಸ್ ಸ್ಕರ್ಟು ಬಿಚ್ಚಿ ಕುರ್ಚಿಗೆ ಹಾಕಿದಳು. ಅದು ಜಾರಿ ನೆಲಕ್ಕೆ ಬಿತ್ತು. ಬಟ್ಟೆ ಬಿದ್ದ ಸದ್ದಲ್ಲ ಅದು. ತಾಯಿ ಎತ್ತಿಕೊಂಡಳು, ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು. ಸೀಸದ ಬಿಲ್ಲೆಗಳು, ಸಾಲಾಗಿ. ಪರದೆ ನೆಟ್ಟಗೆ ನಿಲ್ಲಲೆಂದು ಅಂಚಿಗೆ ಹಾಕಿ ಹೊಲಿಯುವಂಥವು.

ಮಗಳು ಕಣ್ಣು ಬಿಟ್ಟಾಗ ತಾಯಿಗೆ ತಡೆಯಲಾಗಲಿಲ್ಲ. "ಅಪ್ಪನ ಅಂಗಡಿಯಿಂದ್ಲೇ ಕದ್ದ್ಯೇನೇ?"

ಹುಡುಗಿ ಬಿಲ್ಲೆಗಳನ್ನು ನೋಡಿದಳು. "ಏನಮ್ಮಾ ಅದು?"

"ಅವಳನ್ನ ಬೈಬೇಡ." ಸುದ್ದಿ ತಿಳಿದು ಓಡಿಬಂದ ತಂದೆ ಬಾಗಿಲಲ್ಲಿ ನಿಂತಿದ್ದ. "ಹೊಲಿದಿದ್ದು ನಾನು. ವಾರ ವಾರ ಇನ್ನಷ್ಟು ಸೇರಿಸ್ದೆ. ಅವಳಿಗೆ ಗೊತ್ತೇ ಇಲ್ಲ. ವಾರ್ಡಿಗೆ ಹಾಕ್ಬಿಡ್ತಾರಲ್ಲಾಂತ... ಅಷ್ಟರಲ್ಲಿ ತಿನ್ನೋಕೆ ಶುರು ಮಾಡ್ತಾಳೆ ಅಂದ್ಕೊಂಡೆ."

ಮಗಳು ಅವನ ಕಡೆ ತಿರುಗಿದಳು.

"ಹಾಗಾದ್ರೆ ನಾನು ದಪ್ಪ ಆಗ್ತಿರ್ಲಿಲ್ವಾ ಅಪ್ಪಾ? ಅವರು ಏರಿದೆ ಅಂದಾಗೆಲ್ಲ ನಾನು ಇನ್ನಷ್ಟು ಊಟ ಬಿಟ್ಟೆ."