ಕೋರ್ಟು ಏಳುವ ತನಕ

"ನಿಮ್ಮ ತಾಯಿಗೆ ಸಹಿ ಹಾಕಲಿಕ್ಕಾದರೂ ಬರುತ್ತಿತ್ತಾ?" ಎಂದು ವಕೀಲ ಜಯೇಶ್ ಕೇಳಿದಾಗ ಮುಂಬಯಿ ಹತ್ತಿರದ ಕಲ್ಯಾಣದ ಕೋರ್ಟಿನಲ್ಲಿ ಕೂತವರೆಲ್ಲ ಸಾಕ್ಷಿಕಟ್ಟೆಯತ್ತ ತಿರುಗಿದರು. ಆರೋಪಿಯ ಜಾಗದಲ್ಲಿ ನಿಂತಿದ್ದ ವಿಷ್ಣುಮೂರ್ತಿಯೂ ತಲೆ ಎತ್ತಿದರು. ತಮ್ಮ ವಕೀಲ ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೂ ಯಾಕೋ ಅವರ ಕಿವಿ ಬಿಸಿಯಾಯಿತು.

"ಇಲ್ಲ ಸಾಹೇಬ," ಎಂದಳು ರಮಿತಾ. "ಸಹಿ ಬರುತ್ತಿರಲಿಲ್ಲ. ಅದಕ್ಕೇ ಅಮ್ಮ ಪ್ರತಿ ಹಾಡಿನ ಕೊನೆಗೆ ತನ್ನ ಹೆಸರು ಇಟ್ಟದ್ದು."

ಆ ಹೆಸರನ್ನು ಅಳಿಸಿದ್ದೇ ವಿಷ್ಣುಮೂರ್ತಿಯವರ ಮೇಲಿದ್ದ ಅಪವಾದ. ರಮಿತಾಳ ತಾಯಿ ಬಾಗಿ, ಕಲ್ಯಾಣ ಸ್ಟೇಷನ್ನಿನ ಎದುರಿಗಿರುವ ವಿಷ್ಣುಮೂರ್ತಿಯವರ ತಂದೆಯ ಹೋಟೆಲಿನಲ್ಲಿ ಮೂವತ್ತು ವರ್ಷ ಮುಸುರೆ ತಿಕ್ಕಿದವಳು. ಆಕೆ ಕಟ್ಟಿದ ಇಪ್ಪತ್ತೊಂದು ಭಜನೆಗಳನ್ನು ಮಗಳು ಬಾಯಿಯಿಂದ ಕೇಳಿ ಬರೆದು, ತಾಯಿಯ ಹೆಸರಿನಲ್ಲೇ ಒಂದು ಸಣ್ಣ ಪುಸ್ತಕ ಮಾಡಿಸಿದ್ದಳು. ಬಾಗಿ ತೀರಿಕೊಂಡ ಮೇಲೆ ವಿಷ್ಣುಮೂರ್ತಿಯವರಿಗೆ ಅರುವತ್ತರ ಶಾಂತಿ ಬಂತು. ಬಂದವರಿಗೆ ತಾಂಬೂಲದ ಜೊತೆ ಭಜನೆ ಪುಸ್ತಕ ಕೊಡುವುದು ನಮ್ಮವರಲ್ಲಿ ಉಂಟಲ್ಲ, ಹಾಗೆ ಉಲ್ಹಾಸನಗರದ ಪ್ರೆಸ್ಸಿನಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಹಾಡುಗಳು ಅವೇ. ‘ಮುಸುರೆ ತಿಕ್ಕುವ ಬಾಗಿಯ ಕೈ ಬಿಡಬೇಡ ಕೃಷ್ಣಾ’ ಎಂಬ ಕೊನೆಯ ಸಾಲು ಮಾತ್ರ ಮಂಗಳಕಾರ್ಯದ ಪುಸ್ತಕಕ್ಕೆ ಒಪ್ಪುವುದಿಲ್ಲ ಅನ್ನಿಸಿ, ‘ವಿಷ್ಣುದಾಸನ ಕೈ ಬಿಡಬೇಡ ಕೃಷ್ಣಾ’ ಎಂದು ತಿದ್ದಿದರು. ಮುಖಪುಟದಲ್ಲಿ ‘ರಚನೆ: ವಿಷ್ಣುಮೂರ್ತಿ’ ಎಂದು ಬಂದಾಗ ಸುಮ್ಮನಿದ್ದರು.

ರಮಿತಾ ಬಂದು ಕೇಳಿದ ದಿನ ಡೊಂಬಿವಲಿಯ ಭಜನಾ ಮಂಡಳಿಯವರೆಲ್ಲ ಹೋಟೆಲಿನಲ್ಲಿದ್ದರು. ಮಂಡಳಿಯ ಅಧ್ಯಕ್ಷನಾದ ತಾನು ಅಷ್ಟು ಜನರ ಎದುರು ತಗ್ಗುವುದು ಹೇಗೆ? "ಮುಸುರೆಯವಳು ಎಲ್ಲಾದರೂ ಹಾಡು ಕಟ್ಟುವುದುಂಟಾ?" ಎಂದುಬಿಟ್ಟರು. ಆಡಿದ ಮಾತಿನ ಮೇಲಿಂದ ಮತ್ತೆ ಇಳಿಯಲಾಗಲಿಲ್ಲ.

ಪೊಲೀಸರು ಇದು ಸಿವಿಲ್ ಮ್ಯಾಟರ್ ಎಂದು ಅವಳನ್ನು ವಾಪಸು ಕಳಿಸಿದರು. ಅವಳು ತಾನೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ಫಿರ್ಯಾದು ಹಾಕಿದಳು. ನಾಲ್ಕು ವರ್ಷ ನಡೆಯಿತು. ವಿಷ್ಣುಮೂರ್ತಿ ಬಿಪಿ ಎಂದು, ಮದುವೆ ಎಂದು, ವಕೀಲರಿಗೆ ಪುರುಸೊತ್ತಿಲ್ಲ ಎಂದು ತಾರೀಖು ಮುಂದೆ ಹಾಕಿಸುತ್ತ ಹೋದರು. ಅವಳು ಒಂದನ್ನೂ ತಪ್ಪಿಸಲಿಲ್ಲ. ಐರೋಲಿಯ ಕಂಪನಿ ಕ್ಯಾಂಟೀನಿಗೆ ರಜೆ ಹಾಕಿ, ಥಾಣೆ ಜಂಕ್ಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ, ಹತ್ತೂವರೆಗೆ ಕೋರ್ಟಿನ ವರಾಂಡದಲ್ಲಿ ಹಾಜರು. ಗಾಡಿ ನಿಂತ ದಿನ ಎರಡು ಬಸ್ಸು ಹಿಡಿದು ಬಂದಿದ್ದಳು. ಇವರನ್ನು ಕಂಡರೆ ಮುಖ ತಿರುಗಿಸುತ್ತಿರಲಿಲ್ಲ. "ವಿಷ್ಣಣ್ಣ, ಬಿಪಿ ಹೇಗುಂಟು? ಮಾತ್ರೆ ತಗೊಂಡ್ರಾ?" ಎಂದು ಕೇಳುತ್ತಿದ್ದಳು. ಮೊದಮೊದಲು ಇದು ನಾಟಕ ಎಂದುಕೊಂಡರು. ಆಮೇಲಾಮೇಲೆ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಕೂತರೆ, ಕೃಷ್ಣನ ಮುಖಕ್ಕಿಂತ ಮೊದಲು ಅವಳ ಮುಖವೇ ಕಣ್ಣಿಗೆ ಬರತೊಡಗಿತು. ಹೆತ್ತವಳಿಗಾಗಿ ಹೀಗೆ ಶಾಂತವಾಗಿ ಹಟ ಹಿಡಿಯುವುದು ಎಷ್ಟು ಜನರಿಂದಾದೀತು ಎಂದು ಮನಸ್ಸಿನಲ್ಲೇ ಕೈ ಮುಗಿಯುವಂತಾಗುತ್ತಿತ್ತು.

"ನಿಮ್ಮ ತಾಯಿ ಹಾಡು ಕಟ್ಟಿದ್ದನ್ನು ಕೇಳಿದವರು ಯಾರಾದರೂ ಇದ್ದಾರಾ? ಒಬ್ಬರೇ ಒಬ್ಬರು?" ಜಯೇಶ್ ಗೆದ್ದ ದನಿಯಲ್ಲಿ ಕೇಳಿದ.

"ಇದ್ದಾರೆ," ಎಂದು ರಮಿತಾ ಆರೋಪಿಯ ಕಡೆಗೇ ಕೈ ತೋರಿಸಿದಳು. "ವಿಷ್ಣಣ್ಣ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೇಳಿದ್ದಾರೆ. ಪೂಜೆ ಮಾಡದೆ ನೀರು ಮುಟ್ಟುವ ಮನುಷ್ಯ ಅಲ್ಲ ಅವರು. ಅವರೇ ಹೇಳಲಿ. ಕೇಳಲಿಲ್ಲ ಎಂದರೆ ನಾನು ಇವತ್ತಿಗೇ ಮನೆಗೆ ಹೋಗುತ್ತೇನೆ."

ಜಯೇಶನ ಮುಖ ಅರಳಿತು. ಹತ್ತಿರ ಬಂದು, "ಕಾಕಾ, ‘ನಹೀ’ ಬೋಲೋ, ಇಲ್ಲ ಎಂದರೆ ಸಾಕು," ಎಂದು ಪಿಸುಗುಟ್ಟಿದ.

ವಿಷ್ಣುಮೂರ್ತಿ ಕೈ ಮುಗಿದರು. "ಕೇಳಿದ್ದೇನೆ ಸಾಹೇಬ. ಇಪ್ಪತ್ತೊಂದೂ ಅವಳದೇ. ತಪ್ಪು ನನ್ನದು."

ಯಾರ ಒತ್ತಾಯವೂ ಇಲ್ಲವಷ್ಟೆ ಎಂದು ಮ್ಯಾಜಿಸ್ಟ್ರೇಟರು ಎರಡು ಸಲ ಕೇಳಿ ಬರೆದುಕೊಂಡರು. ಪುಸ್ತಕ ಮಾರಿದ್ದಲ್ಲ, ಹಂಚಿದ್ದು, ತಪ್ಪನ್ನು ತಾನಾಗಿ ಒಪ್ಪಿದ್ದು, ವಯಸ್ಸಾದ ಮನುಷ್ಯ. ಒಂದಿಷ್ಟು ದಂಡ, ಮತ್ತೆ ಆ ದಿನದ ಕಲಾಪ ಮುಗಿದು ಕೋರ್ಟು ಏಳುವ ತನಕ ಅಲ್ಲೇ ಕೂತಿರುವ ಶಿಕ್ಷೆ ಎಂದರು. ಹಾಡುಗಳು ಬಾಗಿಯವು ಎಂಬ ಮಾತು ತೀರ್ಪಿನಲ್ಲಿ ಬಂತು.

ವಿಷ್ಣುಮೂರ್ತಿ ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ರಮಿತಾ ಬಂದು ಪಕ್ಕದಲ್ಲಿ ಕೂತಳು.

"ನಿನ್ನದು ಮುಗಿಯಿತಲ್ಲ ಮಾರಾಯ್ತಿ. ಇನ್ನು ಎಂತಕ್ಕೆ ಕೂತದ್ದು?"

"ನಿಮ್ಮೊಬ್ಬರನ್ನೇ ಬಿಟ್ಟು ಹೋಗುವುದಾ? ಬಿಪಿ ಬೇರೆ ಉಂಟು ನಿಮಗೆ."

ವಿಷ್ಣುಮೂರ್ತಿ ಅವಳತ್ತ ತಿರುಗಿ ಕೇಳಿದರು: "ಅಷ್ಟೆಲ್ಲ ಕೆಲಸದ ನಡುವೆ ಬಾಗಿ ಯಾವಾಗ ಕೂತು ಕಟ್ಟುತ್ತಿದ್ದಳು ಇದನ್ನೆಲ್ಲ?"

"ಕೂತಾ?" ರಮಿತಾ ನಕ್ಕಳು. ಆ ನಗುವಿನಲ್ಲಿ ಕಹಿ ಇರಲಿಲ್ಲ. "ಮುಸುರೆ ತಿಕ್ಕುವ ಮೋರಿಯ ಹತ್ತಿರ ಕೂರಲಿಕ್ಕೆ ಜಾಗ ಎಲ್ಲಿತ್ತು ವಿಷ್ಣಣ್ಣ? ಇಪ್ಪತ್ತೊಂದೂ ನಿಂತುಕೊಂಡೇ ಕಟ್ಟಿದ್ದು."

ವಿಷ್ಣುಮೂರ್ತಿ ಎದ್ದು ನಿಂತರು. ಬಾಗಿಲಲ್ಲಿದ್ದ ಜವಾನ ಅಲ್ಲಿಂದಲೇ ಕೈ ಬೀಸಿ, "ಕಾಕಾ, ಬಸಾ ಬಸಾ, ಕೂತುಕೊಳ್ಳಿ, ಇನ್ನೂ ಮೂರು ತಾಸು ಉಂಟು," ಎಂದ. ಅವರು ಗೋಡೆಗೂ ಒರಗದೆ, ಕೈ ಕಟ್ಟಿಕೊಂಡು ನಿಂತೇ ಇದ್ದರು.