ಪರಿಚಿತ ದನಿ

ಇದನ್ನು ಮನೆಯಲ್ಲೂ ಹೇಳಿಲ್ಲ. ದೇಶದ ಎಲ್ಲ ಕೌಶಲ್ಯ ತರಬೇತಿ ಕೇಂದ್ರಗಳ ಪಟ್ಟಿಗಳು ದೆಹಲಿಯ ನಮ್ಮ ಕಚೇರಿಗೆ ಬರುತ್ತವೆ. ಕನ್ನಡದವನೆಂದು ಉತ್ತರ ಕರ್ನಾಟಕದ ಪಟ್ಟಿ ಮೂರು ವರ್ಷದಿಂದ ನನ್ನದೇ. ತರಬೇತಿ ಮುಗಿಸಿದವರಿಗೆ ಫೋನ್ ಮಾಡಿ, ಕೆಲಸ ಸಿಕ್ಕಿತೇ ಎಂದು ಕೇಳಿ ಬರೆದುಕೊಳ್ಳಬೇಕು. ಆ ಲೆಕ್ಕದ ಮೇಲೆಯೇ ಕೇಂದ್ರಗಳಿಗೆ ಹಣ.

ಅಂದು ಹೊಲಿಗೆ ಕೇಂದ್ರವೊಂದರ ಸರದಿ. ಶಾಂತವ್ವನಿಗೆ ಕೆಲಸ ಸಿಕ್ಕಿತ್ತು. ಮಾಬೂಬಿಗೂ ಸಿಕ್ಕಿತ್ತು. ಮೂರನೆಯವಳು ನೀಲವ್ವ. ಅವಳು "ಹಲೋ" ಎಂದಾಗ ಮೂರೂ ಒಂದೇ ದನಿ ಎಂದು ಹೊಳೆಯಿತು.

"ಎಲ್ಲಾ ನಂಬರಿಗೂ ನೀನೇ ಮಾತಾಡ್ತಿದೀಯಲ್ಲಮ್ಮ?"



"ತಪ್ಪಾತ್ರಿ ಸರ್. ಎಲ್ಲಾ ಸಿಮ್ಮೂ ಕೇಂದ್ರದವರು ನನ್ನ ಕೈಯಾಗ ಕೊಟ್ಟಾರ್ರಿ."

"ಹೀಗೆ ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?"

"ಆಗ್ತೈತ್ರಿ." ಮತ್ತೆ ಮೆಲ್ಲಗೆ ಹೇಳಿದಳು. "ನಿಮ್ಮ ದನೀನೂ ನನಗ ಗುರ್ತ ಐತ್ರಿ ಸರ್. ಹೋದ ವರ್ಷ ನಾನೂ ಈ ಕೇಂದ್ರದಾಗ ಹೊಲಿಗಿ ಕಲ್ತು ಮುಗಿಸಿದ್ದೆ. ನೀವು ನನ್ನ ಹೆಸರಿಗೆ ಫೋನ್ ಮಾಡಿದಾಗ, ಕೆಲಸ ಸಿಕ್ಕಿಲ್ರಿ ಅಂತ ಖರೇನ ಹೇಳಿದ್ದೆ. 'ಸಿಕ್ಕಿದೆ ಅಂತಾನೇ ಬರ್ಕೊಳ್ತೀನಿ, ಬಿಡಮ್ಮ' ಅಂದವರು ನೀವ ಅಲ್ಲೇನ್ರಿ?"